ಅಮೆರಿಕಾ ಸರ್ಕಾರದ ಮೂರು ಅಂಗ ಹಿಡ್ಕೊಂಡು ಇಂಗ್ಲಿಷ್ ಕಲಿಯೋದು ಹೇಗೆ

ಇಂಗ್ಲಿಷ್ ಕಲೀಬೇಕು ಅಂತ ಕೂತವರಲ್ಲಿ ತುಂಬಾ ಜನ ಮೊದಲು ಮಾಡೋದು ಒಂದು ಉದ್ದದ ಪದಪಟ್ಟಿ ಡೌನ್‌ಲೋಡ್ ಮಾಡ್ಕೊಳ್ಳೋದು, ದಿನಕ್ಕೆ ಇಷ್ಟು ಪದ ಅಂತ ಬಾಯಿಪಾಠ ಶುರು ಮಾಡೋದು, ಆಮೇಲೆ ಎರಡು ವಾರಕ್ಕೆಲ್ಲಾ ಬಿಟ್ಟುಬಿಡೋದು. ತಪ್ಪು ಅವರದ್ದಲ್ಲ, ಆ ಪಟ್ಟಿಯಲ್ಲಿರೋ ಪದಗಳಿಗೆ ಒಂದಕ್ಕೊಂದು ಸಂಬಂಧವೇ ಇರಲ್ಲ, ತಲೇಲಿ ನಿಲ್ಲೋದಾದ್ರೂ ಹೇಗೆ. ಅದರ ಬದಲು ಒಂದೇ ಒಂದು ವಿಷಯ ಹಿಡ್ಕೊಂಡು ಓದೋದು, ಕೇಳೋದು, ಮಾತಾಡೋದು, ಬರೆಯೋದು ಎಲ್ಲವನ್ನೂ ಅದರೊಳಗೇ ಮಾಡಿದ್ರೆ ಭಾಷೆ ಬೇಗ ಕೈಗೆ ಹತ್ತುತ್ತೆ, ಮತ್ತೆ ಈ ಥರ ಹಿಡ್ಕೊಳ್ಳೋಕೆ ನನಗೆ ಗೊತ್ತಿರೋ ಅತ್ಯುತ್ತಮ ವಿಷಯಗಳಲ್ಲಿ ಅಮೆರಿಕಾದ ಫೆಡರಲ್ ಸರ್ಕಾರ ಒಂದು.

ಕೇಳಿದ್ರೆ ಬೋರಿಂಗ್ ಅನ್ಸಬಹುದು. ಆದ್ರೆ ಯೋಚನೆ ಮಾಡಿ ನೋಡಿ, ಇಲ್ಲಿ ಪಾತ್ರಗಳು ಕಮ್ಮಿ, ಯಾರು ಏನು ಮಾಡ್ತಾರೆ ಅನ್ನೋದು ಸಂವಿಧಾನದಲ್ಲೇ ಬರೆದಿಟ್ಟಿದೆ, ಅದೇ ಇಪ್ಪತ್ತು ಮೂವತ್ತು ಕ್ರಿಯಾಪದಗಳು ನ್ಯೂಸಲ್ಲಿ, ಕೋರ್ಟಲ್ಲಿ, ಭಾಷಣದಲ್ಲಿ ದಿನಾ ತಿರುಗಿ ತಿರುಗಿ ಬರ್ತವೆ. ಜೊತೆಗೆ ಆಡಿಯೋ, ವಿಡಿಯೋ, ಆಡಿದ ಮಾತಿನ ಅಕ್ಷರ ಅಕ್ಷರ ಟ್ರಾನ್ಸ್‌ಕ್ರಿಪ್ಟ್, ಎಲ್ಲಾ ಫ್ರೀ. ಸರಳ ಇಂಗ್ಲಿಷ್ ವಾಕ್ಯ ಓದಿದ್ರೆ ಅರ್ಥ ಆಗುತ್ತೆ ಆದ್ರೆ ಬಾಯಿಬಿಟ್ಟು ಮಾತಾಡೋಕೆ ಹೋದ್ರೆ ತಡವರಿಸುತ್ತೆ ಅನ್ನೋರಿಗೆ ಈ ದಾರಿ ಸರಿಹೋಗುತ್ತೆ. ಎ ಬಿ ಸಿ ಡಿ ಇಂದ ಶುರು ಮಾಡೋರಿಗೆ ಇದು ಆಗಲ್ಲ, ಮೊದಲೇ ಹೇಳ್ಬಿಡ್ತೀನಿ.

ಮೊದಲ ಹೆಜ್ಜೆ: ವಿಷಯನ ಕನ್ನಡದಲ್ಲೇ ತಿಳ್ಕೊಳ್ಳಿ

ಹೌದು, ಇಂಗ್ಲಿಷ್ ಕಲಿಯೋಕೆ ಬಂದು ಕನ್ನಡದಲ್ಲೇ ಶುರು. ವಿಷಯನೂ ಹೊಸದು ಭಾಷೆನೂ ಹೊಸದು ಆದ್ರೆ ತಲೆ ಎರಡು ಕಡೆ ಎಳೆದಾಡುತ್ತೆ. ವಿಷಯ ಮೊದಲೇ ಗೊತ್ತಿದ್ರೆ ಇಂಗ್ಲಿಷ್ ವಾಕ್ಯದಲ್ಲಿ ಒಂದೆರಡು ಪದ ಗೊತ್ತಿಲ್ಲದಿದ್ರೂ ಊಹೆ ಮಾಡ್ಕೊಂಡು ಮುಂದೆ ಹೋಗ್ಬಹುದು. ಅದಕ್ಕೆ ಬೇಕಾದಷ್ಟು ಇಲ್ಲೇ ಹೇಳ್ತೀನಿ.

ಅಮೆರಿಕಾದ ಸಂವಿಧಾನ 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಬರೆದದ್ದು. ಅದರ ಮೊದಲ ಮೂರು ಆರ್ಟಿಕಲ್‌ಗಳು ಮೂರು ಅಂಗಗಳಿಗೆ ಒಂದೊಂದು. ಮೊದಲನೇದು ಶಾಸಕಾಂಗ, ಅಂದ್ರೆ ಕಾಂಗ್ರೆಸ್. ಪಾರ್ಟಿ ಹೆಸರು ನೆನಪಾದ್ರೆ ಮರೆತುಬಿಡಿ, ಅಲ್ಲಿ ಕಾಂಗ್ರೆಸ್ ಅಂದ್ರೆ ಇಡೀ ಸಂಸತ್ತು. ಅದರಲ್ಲಿ ಎರಡು ಸದನ: ಹೌಸ್ ಆಫ್ ರೆಪ್ರೆಸೆಂಟೇಟಿವ್ಸ್‌ನಲ್ಲಿ ವೋಟ್ ಹಾಕೋ ಹಕ್ಕಿರೋ ಸದಸ್ಯರು 435, ಅವಧಿ ಎರಡು ವರ್ಷ, ಸೆನೆಟ್‌ನಲ್ಲಿ ರಾಜ್ಯಕ್ಕೆ ಇಬ್ಬರಂತೆ 100 ಜನ, ಅವಧಿ ಆರು ವರ್ಷ. ಎರಡನೇದು ಕಾರ್ಯಾಂಗ, ಪ್ರೆಸಿಡೆಂಟು, ವೈಸ್ ಪ್ರೆಸಿಡೆಂಟು, ಕ್ಯಾಬಿನೆಟ್ಟು ಮತ್ತೆ 15 ಡಿಪಾರ್ಟ್‌ಮೆಂಟುಗಳು. ಪ್ರೆಸಿಡೆಂಟ್ ಅವಧಿ ನಾಲ್ಕು ವರ್ಷ, 1951ರಲ್ಲಿ ಜಾರಿಗೆ ಬಂದ 22ನೇ ತಿದ್ದುಪಡಿ ಪ್ರಕಾರ ಎರಡಕ್ಕಿಂತ ಹೆಚ್ಚು ಸಲ ಚುನಾಯಿತರಾಗೋ ಹಾಗಿಲ್ಲ. ಮೂರನೇದು ನ್ಯಾಯಾಂಗ, ಮೇಲೆ ಒಂಬತ್ತು ಜಡ್ಜ್‌ಗಳ ಸುಪ್ರೀಂ ಕೋರ್ಟು, ಕೆಳಗೆ 13 ಅಪೀಲ್ ಕೋರ್ಟು, ಅದರ ಕೆಳಗೆ 94 ಡಿಸ್ಟ್ರಿಕ್ಟ್ ಕೋರ್ಟು. ಜಡ್ಜ್‌ಗಳನ್ನ ಪ್ರೆಸಿಡೆಂಟ್ ಆಯ್ಕೆ ಮಾಡಿ ಕಳಿಸ್ತಾರೆ, ಸೆನೆಟ್ ಒಪ್ಪಬೇಕು, ಒಪ್ಪಿದ ಮೇಲೆ ಅವರಿಗೆ ರಿಟೈರ್‌ಮೆಂಟ್ ವಯಸ್ಸು ಅಂತಿಲ್ಲ. ಮಂತ್ರಿ ಆಗೋಕೆ ಸಂಸತ್ತಲ್ಲಿ ಸೀಟು ಇರಬೇಕು ಅನ್ನೋ ಪದ್ಧತಿ ನೋಡಿ ಬೆಳೆದವರು ಒಂದು ವಿಷಯ ಗಮನದಲ್ಲಿಟ್ಕೊಳ್ಳಿ, ಅಲ್ಲಿ ಇದು ಪೂರ್ತಿ ಉಲ್ಟಾ, ಕಾಂಗ್ರೆಸ್ ಸದಸ್ಯರು ಕ್ಯಾಬಿನೆಟ್ ಸೇರಬೇಕಾದ್ರೆ ತಮ್ಮ ಸೀಟು ಬಿಟ್ಟೇ ಹೋಗ್ಬೇಕು.

ಇಷ್ಟು ಸಾಕು. ಇದನ್ನ ಒಬ್ಬರಿಗೆ ಕನ್ನಡದಲ್ಲಿ ವಿವರಿಸೋಕೆ ಬಂತು ಅಂದ್ರೆ ಮುಂದಕ್ಕೆ ಹೋಗಿ.

ಎರಡನೇ ಹೆಜ್ಜೆ: ಹೆಸರಲ್ಲ, ಕ್ರಿಯಾಪದ ಕಲೀರಿ

ಎಲ್ಲರೂ ಎಡವೋ ಜಾಗ ಇದು. ಸೆನೆಟ್, ಸ್ಪೀಕರ್, ಅಮೆಂಡ್‌ಮೆಂಟ್, ಜಸ್ಟಿಸ್ ಅಂತ ನಾಮಪದಗಳನ್ನೇ ಗುಡ್ಡೆ ಹಾಕ್ಕೊಳ್ತಾರೆ, ಆದ್ರೆ ಬರೀ ನಾಮಪದದಿಂದ ವಾಕ್ಯ ಹುಟ್ಟಲ್ಲ. ಒಂದು ಹಾಳೆ ತಗೊಂಡು ಮೂರು ಭಾಗ ಮಾಡಿ, ಒಂದೊಂದರಲ್ಲೂ ಆ ಅಂಗ ಏನೇನು ಮಾಡುತ್ತೆ ಅನ್ನೋದನ್ನ ಕ್ರಿಯಾಪದ ಮತ್ತೆ ಅದರ ಜೊತೆಗಾರ ನಾಮಪದ ಸೇರಿಸಿ ಜೋಡಿಯಾಗೇ ಬರೀರಿ.

ಕಾಂಗ್ರೆಸ್ಸಿನ ಭಾಗದಲ್ಲಿ: ಇಂಟ್ರೊಡ್ಯೂಸ್ ಎ ಬಿಲ್, ಡಿಬೇಟ್ ಎ ಬಿಲ್, ಅಮೆಂಡ್ ಎ ಬಿಲ್, ಪಾಸ್ ಎ ಬಿಲ್, ಹೋಲ್ಡ್ ಎ ಹಿಯರಿಂಗ್, ಕಾಸ್ಟ್ ಎ ವೋಟ್, ಓವರ್‌ರೈಡ್ ಎ ವೀಟೋ (ವೀಟೋ ಅಂದ್ರೆ ಪ್ರೆಸಿಡೆಂಟ್ ಬಿಲ್ಲನ್ನ ಒಪ್ಪದೆ ತಡೆಯೋದು), ಡಿಕ್ಲೇರ್ ವಾರ್. ಪ್ರೆಸಿಡೆಂಟ್ ಭಾಗದಲ್ಲಿ: ಸೈನ್ ಎ ಬಿಲ್ ಇನ್‌ಟು ಲಾ, ವೀಟೋ ಎ ಬಿಲ್, ಎನ್‌ಫೋರ್ಸ್ ದಿ ಲಾ, ಇಶ್ಯೂ ಎನ್ ಆರ್ಡರ್, ನಾಮಿನೇಟ್ ಎ ಜಡ್ಜ್, ಟೇಕ್ ದಿ ಓತ್. ಕೋರ್ಟಿನ ಭಾಗದಲ್ಲಿ: ಹಿಯರ್ ಎ ಕೇಸ್, ಇಂಟರ್‌ಪ್ರೆಟ್ ದಿ ಲಾ, ಅಪ್‌ಹೋಲ್ಡ್ ಎ ಲಾ, ಸ್ಟ್ರೈಕ್ ಡೌನ್ ಎ ಲಾ, ಓವರ್‌ಟರ್ನ್ ಎ ಡಿಸಿಷನ್.

ಜೋಡಿಯಾಗಿ ಯಾಕೆ ಅಂತೀರಾ, ನಾವು ಕನ್ನಡದಲ್ಲಿ ವೋಟ್ ಹಾಕ್ತೀವಿ, ಅದನ್ನೇ ತಲೇಲಿಟ್ಕೊಂಡು ಇಂಗ್ಲಿಷಲ್ಲಿ "ಪುಟ್ ವೋಟ್" ಅಂದ್ರೆ ಕೇಳೋರಿಗೆ ವಿಚಿತ್ರ ಅನ್ಸುತ್ತೆ. ಪ್ರಮಾಣವಚನನೂ ಹಾಗೇ, ನಾವು ಸ್ವೀಕರಿಸ್ತೀವಿ, ಇಂಗ್ಲಿಷಲ್ಲಿ ಅದು ಟೇಕ್. ಈ ಜೋಡಿಗಳಿಗೆ ಲಾಜಿಕ್ ಹುಡುಕೋಕೆ ಹೋಗ್ಬೇಡಿ, ಹಂಗೇ ಬಾಯಿಗೆ ಕೂರಿಸ್ಕೊಳ್ಳಿ.

ಆಮೇಲೆ ಒಂದೊಂದು ಜೋಡಿಗೂ ಯಾರು ಮಾಡೋದು ಅಂತ ಸೇರಿಸಿ ಪೂರ್ತಿ ವಾಕ್ಯ ಮಾಡಿ ಜೋರಾಗಿ ಹೇಳಿ. "ಕಾಂಗ್ರೆಸ್ ಪಾಸಸ್ ಲಾಸ್." "ದಿ ಪ್ರೆಸಿಡೆಂಟ್ ಎನ್‌ಫೋರ್ಸಸ್ ದಿ ಲಾಸ್." "ದಿ ಕೋರ್ಟ್ಸ್ ಇಂಟರ್‌ಪ್ರೆಟ್ ದಿ ಲಾಸ್." ಮೊದಲ ಎರಡರಲ್ಲಿ ಕ್ರಿಯಾಪದಕ್ಕೆ ಎಸ್ ಬಂತು, ಮೂರನೇದರಲ್ಲಿ ಕೋರ್ಟ್ಸ್ ಬಹುವಚನ ಆದ್ದರಿಂದ ಬರಲಿಲ್ಲ. ಮಾತಾಡೋವಾಗ ಈ ಎಸ್ ನುಂಗಿಹಾಕೋದು ತುಂಬಾ ಜನರ ಅಭ್ಯಾಸ, ಗ್ರಾಮರ್ ಪುಸ್ತಕ ಎಷ್ಟು ಸಲ ಓದಿದ್ರೂ ಹೋಗಲ್ಲ, ಇಂಥ ಪುಟ್ಟ ವಾಕ್ಯಗಳನ್ನ ಬಾಯಲ್ಲಿ ಹೇಳ್ತಾ ಹೇಳ್ತಾ ಹೋಗುತ್ತೆ.

ಮೂರನೇ ಹೆಜ್ಜೆ: ಒಂದು ಕಾನೂನಿನ ಕಥೆ ಹೇಳಿ

ಈಗ ಬಿಡಿ ವಾಕ್ಯಗಳನ್ನ ಕಥೆ ಮಾಡ್ಬೇಕು. ನನ್ನ ಪ್ರಕಾರ ಇಡೀ ವಿಧಾನದ ಜೀವ ಇರೋದೇ ಇಲ್ಲಿ, ಅದಕ್ಕೇ ಸ್ವಲ್ಪ ನಿಧಾನವಾಗಿ ಹೋಗೋಣ. ಯಾವ ಕಾನೂನು ಬೇಕಾದ್ರೂ ತಗೋಬಹುದು, ಆದ್ರೆ 1964ರ ಸಿವಿಲ್ ರೈಟ್ಸ್ ಆಕ್ಟ್ ತಗೊಂಡ್ರೆ ಮೂರೂ ಅಂಗಗಳು ಒಂದೇ ಕಥೇಲಿ ಸಿಗ್ತವೆ, ಕಥೆಯಲ್ಲಿ ದಮ್ಮೂ ಇದೆ.

ಕಥೆ ಹೀಗೆ. 1963ರ ಜೂನ್‌ನಲ್ಲಿ ಪ್ರೆಸಿಡೆಂಟ್ ಕೆನಡಿ ಟಿವಿಯಲ್ಲಿ ಮಾತಾಡಿ, ಬಣ್ಣದ ಆಧಾರದ ಮೇಲೆ ಹೋಟೆಲು, ಥಿಯೇಟರಲ್ಲಿ ಜನರನ್ನ ಹೊರಗಿಡೋದನ್ನ ನಿಲ್ಲಿಸೋ ಕಾನೂನು ಬೇಕು ಅಂತ ಕಾಂಗ್ರೆಸ್ಸನ್ನ ಕೇಳಿದ್ರು. ಅದೇ ತಿಂಗಳು ಬಿಲ್ ಹೌಸ್‌ನಲ್ಲಿ ಮಂಡನೆ ಆಯ್ತು. ಹೌಸ್‌ನ ರೂಲ್ಸ್ ಕಮಿಟಿಯ (ಬಿಲ್ ಯಾವಾಗ ಚರ್ಚೆಗೆ ಬರಬೇಕು ಅಂತ ನಿರ್ಧರಿಸೋ ಕಮಿಟಿ) ಅಧ್ಯಕ್ಷ ಹೋವರ್ಡ್ ಸ್ಮಿತ್ ಅದನ್ನ ಮುಂದಕ್ಕೆ ಬಿಡದೆ ಕೂತ್ರು. ನವೆಂಬರ್ 22ಕ್ಕೆ ಕೆನಡಿ ಹತ್ಯೆ ಆಯ್ತು, ಲಿಂಡನ್ ಜಾನ್ಸನ್ ವಿಮಾನದೊಳಗೇ ಪ್ರಮಾಣವಚನ ತಗೊಂಡ್ರು, ಕೆಲವೇ ದಿನದಲ್ಲಿ ಕಾಂಗ್ರೆಸ್ ಮುಂದೆ ನಿಂತು ಈ ಬಿಲ್ ಪಾಸ್ ಮಾಡಿ ಅಂದ್ರು. 1964ರ ಫೆಬ್ರವರಿ 10ಕ್ಕೆ ಹೌಸ್ 290-130 ಮತಗಳಲ್ಲಿ ಪಾಸ್ ಮಾಡ್ತು. ಸೆನೆಟ್‌ಗೆ ಬಂದಾಗ ದಕ್ಷಿಣದ ಸೆನೆಟರ್‌ಗಳು ಫಿಲಿಬಸ್ಟರ್ ಶುರು ಮಾಡಿದ್ರು, ಅಂದ್ರೆ ವೋಟಿಗೇ ಹೋಗದ ಹಾಗೆ ಮಾತಾಡ್ತಾನೇ ಇರೋದು. ಜೂನ್ 10ಕ್ಕೆ ಸೆನೆಟ್ 71-29ರಲ್ಲಿ ಚರ್ಚೆ ಮುಗಿಸೋ ತೀರ್ಮಾನ ಮಾಡ್ತು, ಜೂನ್ 19ಕ್ಕೆ 73-27ರಲ್ಲಿ ಬಿಲ್ ಪಾಸ್ ಆಯ್ತು. ಸೆನೆಟ್ ಮಾಡಿದ ಬದಲಾವಣೆಗಳನ್ನ ಹೌಸ್ ಜುಲೈ 2ಕ್ಕೆ ಒಪ್ಪಿಕೊಂಡ್ತು, ಅದೇ ಸಂಜೆ ಜಾನ್ಸನ್ ಸಹಿ ಹಾಕಿದ್ರು. ಅಲ್ಲಿಗೂ ಮುಗೀಲಿಲ್ಲ, ಕಪ್ಪು ಜನರಿಗೆ ರೂಮು ಕೊಡಲ್ಲ ಅನ್ನುತ್ತಿದ್ದ ಅಟ್ಲಾಂಟಾದ ಒಂದು ಮೋಟೆಲ್ ಮಾಲೀಕ ಕೋರ್ಟಿಗೆ ಹೋದ್ರು, ಡಿಸೆಂಬರ್ 14ಕ್ಕೆ ಸುಪ್ರೀಂ ಕೋರ್ಟ್ ಒಂಬತ್ತೂ ಜಡ್ಜ್‌ಗಳ ಒಮ್ಮತದಿಂದ ಕಾನೂನನ್ನ ಎತ್ತಿಹಿಡೀತು.

ಈಗ ಇದನ್ನ ಮೂರು ಸುತ್ತಲ್ಲಿ ಇಂಗ್ಲಿಷಲ್ಲಿ ಹೇಳಿ.

ಮೊದಲ ಸುತ್ತು ಸರಳ ಭೂತಕಾಲ, ಚಿಕ್ಕ ಚಿಕ್ಕ ವಾಕ್ಯ. "ಕೆನಡಿ ಆಸ್ಕ್ಡ್ ಕಾಂಗ್ರೆಸ್ ಫಾರ್ ಎ ಲಾ." "ಎ ಕಾಂಗ್ರೆಸ್‌ಮನ್ ಇಂಟ್ರೊಡ್ಯೂಸ್ಡ್ ದಿ ಬಿಲ್." "ಸ್ಮಿತ್ ಬ್ಲಾಕ್ಡ್ ಇಟ್." "ದಿ ಹೌಸ್ ಪಾಸ್ಡ್ ದಿ ಬಿಲ್." "ಜಾನ್ಸನ್ ಸೈನ್ಡ್ ಇಟ್." "ದಿ ಕೋರ್ಟ್ ಅಪ್‌ಹೆಲ್ಡ್ ಇಟ್." ಅಂದ ಚೆಂದ ಬೇಡ, ತಡವರಿಸದೆ ಬಂದ್ರೆ ಸಾಕು.

ಎರಡನೇ ಸುತ್ತು ಅದೇ ಕಥೆ ಕರ್ಮಣಿಯಲ್ಲಿ, ಶಾಲೇಲಿ ಪ್ಯಾಸಿವ್ ವಾಯ್ಸ್ ಅಂತ ಹೇಳ್ಕೊಟ್ಟಿದ್ರಲ್ಲಾ, ಅದು. "ದಿ ಬಿಲ್ ವಾಸ್ ಇಂಟ್ರೊಡ್ಯೂಸ್ಡ್ ಇನ್ ಜೂನ್." "ಇಟ್ ವಾಸ್ ಪಾಸ್ಡ್ ಬೈ ದಿ ಹೌಸ್." "ಇಟ್ ವಾಸ್ ಸೈನ್ಡ್ ಬೈ ಪ್ರೆಸಿಡೆಂಟ್ ಜಾನ್ಸನ್." ಶಾಲೆಯಲ್ಲಿ "ರಾಮ ಈಟ್ಸ್ ಎ ಮ್ಯಾಂಗೋ" ಅನ್ನೋದನ್ನ ತಿರುಗಿಸಿ "ಎ ಮ್ಯಾಂಗೋ ಈಸ್ ಈಟನ್ ಬೈ ರಾಮ" ಅಂತ ಬರೆಸ್ತಿದ್ರು, ಆ ವಾಕ್ಯನ ಜಗತ್ತಲ್ಲಿ ಯಾರೂ ಮಾತಾಡಲ್ಲ, ಹಾಗಾಗಿ ಪ್ಯಾಸಿವ್ ಯಾಕಿದೆ ಅಂತಾನೇ ನಮಗೆ ಗೊತ್ತಾಗಲಿಲ್ಲ. ಸರ್ಕಾರದ ಇಂಗ್ಲಿಷಲ್ಲಿ ಅದು ಸಹಜವಾಗಿ ಬರುತ್ತೆ, ಯಾಕಂದ್ರೆ ಕಥಾನಾಯಕ ಬಿಲ್ಲು, ಬಿಲ್ಲಿಗೆ ಏನೇನಾಯ್ತು ಅನ್ನೋದೇ ಸುದ್ದಿ.

ಇದಕ್ಕೆ ಕಾಂಗ್ರೆಸ್ ಡಾಟ್ ಗವ್ ಅನ್ನೋ ಸರ್ಕಾರಿ ಸೈಟ್ ಚಿನ್ನದ ಗಣಿ. ಯಾವುದಾದ್ರೂ ಈಗಿನ ಬಿಲ್ ತೆಗೆದು "ಆಕ್ಷನ್ಸ್" ಅನ್ನೋ ಟ್ಯಾಬ್ ಒತ್ತಿ, ತಾರೀಖಿನ ಪ್ರಕಾರ ಸಾಲು ಸಾಲು ಬರುತ್ತೆ: "ರಿಫರ್ಡ್ ಟು ದಿ ಕಮಿಟಿ", "ರಿಸೀವ್ಡ್ ಇನ್ ದಿ ಸೆನೆಟ್", "ಪ್ರೆಸೆಂಟೆಡ್ ಟು ಪ್ರೆಸಿಡೆಂಟ್", "ಸೈನ್ಡ್ ಬೈ ಪ್ರೆಸಿಡೆಂಟ್". ಟೆಲಿಗ್ರಾಮ್ ಭಾಷೆ ಅದು, ಕರ್ತೃನೂ ಇಲ್ಲ, ವಾಸ್ ಕೂಡ ಇಲ್ಲ. ಒಂದೊಂದು ಸಾಲನ್ನೂ ಪೂರ್ತಿ ವಾಕ್ಯ ಮಾಡಿ ಬರೀರಿ, ಇದಕ್ಕಿಂತ ಒಳ್ಳೆ ಪ್ಯಾಸಿವ್ ಅಭ್ಯಾಸ ದುಡ್ಡು ಕೊಟ್ಟರೂ ಸಿಗಲ್ಲ. ಬಹಳಷ್ಟು ಬಿಲ್‌ಗಳ ಪಟ್ಟಿ ಎರಡನೇ ಸಾಲಿಗೇ ನಿಂತುಹೋಗಿರುತ್ತೆ, ಅದಕ್ಕೆ "ದಿ ಬಿಲ್ ಡೈಡ್ ಇನ್ ಕಮಿಟಿ" ಅಂತಾರೆ.

ಮೂರನೇ ಸುತ್ತಲ್ಲಿ ಆದ್ರೆ, ಹೋದ್ರೆ ಸೇರಿಸಿ. "ಇಫ್ ದಿ ಪ್ರೆಸಿಡೆಂಟ್ ವೀಟೋಸ್ ದಿ ಬಿಲ್, ಕಾಂಗ್ರೆಸ್ ಕ್ಯಾನ್ ಓವರ್‌ರೈಡ್ ದಿ ವೀಟೋ." ಇಫ್ ಆದ್ಮೇಲೆ ವಿಲ್ ಹಾಕೋ ಚಟ ಇದ್ರೆ ಇಲ್ಲೇ ಬಿಡಿಸ್ಕೊಳ್ಳಿ, "ಇಫ್ ದಿ ಪ್ರೆಸಿಡೆಂಟ್ ವಿಲ್ ವೀಟೋ" ಅಂತ ಹೇಳೋ ಹಾಗಿಲ್ಲ. ವೀಟೋ ಮುರಿಯೋಕೆ ಎರಡೂ ಸದನದಲ್ಲಿ ಮೂರನೇ ಎರಡರಷ್ಟು ಮತ ಬೇಕು, 1973ರಲ್ಲಿ ಪ್ರೆಸಿಡೆಂಟ್ ನಿಕ್ಸನ್ ವೀಟೋ ಮಾಡಿದ್ದ, ಪ್ರೆಸಿಡೆಂಟ್ ಯುದ್ಧಾಧಿಕಾರಕ್ಕೆ ಮಿತಿ ಹಾಕೋ ವಾರ್ ಪವರ್ಸ್ ರೆಸಲ್ಯೂಷನ್‌ನ ಕಾಂಗ್ರೆಸ್ ಹೀಗೇ ಪಾಸ್ ಮಾಡ್ತು. ಆಮೇಲೆ ಇನ್ನೊಂದು ಮೆಟ್ಟಿಲು: "ಇಫ್ ಐ ವರ್ ಎ ಸೆನೆಟರ್, ಐ ವುಡ್ ವೋಟ್ ಫಾರ್ ದಿಸ್ ಬಿಲ್ ಬಿಕಾಸ್..." ಅಂತ ಶುರು ಮಾಡಿ ನಿಮ್ಮದೇ ಕಾರಣ ಹೇಳಿ, ತೋಚಿದ್ದು ಹೇಳಿ, ಯಾರೂ ಮಾರ್ಕ್ಸ್ ಕೊಡಲ್ಲ.

ದಿ ಅನ್ನೋ ತಲೆನೋವು, ಮತ್ತೆ ಸಂಖ್ಯೆಗಳು

ಕನ್ನಡದಲ್ಲಿ ದಿ ಅನ್ನೋದೇ ಇಲ್ಲ, ಹಾಗಾಗಿ ನಾವು ಒಂದೋ ಎಲ್ಲಾ ಕಡೆ ಹಾಕ್ತೀವಿ ಇಲ್ಲಾ ಎಲ್ಲೂ ಹಾಕಲ್ಲ. ಈ ವಿಷಯದಲ್ಲಿ ನೆನಪಿಡೋದು ಸ್ವಲ್ಪವೇ: ದಿ ಸೆನೆಟ್, ದಿ ಹೌಸ್, ದಿ ಸುಪ್ರೀಂ ಕೋರ್ಟ್, ದಿ ವೈಟ್ ಹೌಸ್, ಆದ್ರೆ ಕಾಂಗ್ರೆಸ್ ಒಂಟಿ, ಅದಕ್ಕೆ ಸಾಮಾನ್ಯವಾಗಿ ದಿ ಬರಲ್ಲ. ದಿ ಪ್ರೆಸಿಡೆಂಟ್ ಸರಿ, ಹೆಸರು ಬಂದ ಕೂಡ್ಲೇ ದಿ ಹೋಗುತ್ತೆ, ಪ್ರೆಸಿಡೆಂಟ್ ಲಿಂಕನ್.

ಸಂಖ್ಯೆ ವಿಷಯದಲ್ಲಿ ಒಂದು ತಪ್ಪು ಎಲ್ಲರೂ ಮಾಡ್ತಾರೆ, "ಸಿಕ್ಸ್ ಇಯರ್ಸ್ ಟರ್ಮ್" ಅಂತ. ಟರ್ಮ್ ಮುಂದೆ ವಿಶೇಷಣ ಆಗಿ ಬಂದಾಗ ಅದು "ಎ ಸಿಕ್ಸ್ ಇಯರ್ ಟರ್ಮ್", ಎಸ್ ಇಲ್ಲ. ಆದ್ರೆ "ಸೆನೆಟರ್ಸ್ ಸರ್ವ್ ಫಾರ್ ಸಿಕ್ಸ್ ಇಯರ್ಸ್" ಅಂದಾಗ ಎಸ್ ಬೇಕು. ಮತ ಎಣಿಕೆ ಹೇಳೋದು "ಬೈ ಎ ವೋಟ್ ಆಫ್ ಸೆವೆಂಟಿ ತ್ರೀ ಟು ಟ್ವೆಂಟಿ ಸೆವೆನ್". ಮೂರನೇ ಎರಡು ಟೂ ಥರ್ಡ್ಸ್, ಮೂರನೇ ಒಂದು ಒನ್ ಥರ್ಡ್. ಸೆನೆಟ್‌ನ ಸುಮಾರು ಒನ್ ಥರ್ಡ್ ಸೀಟಿಗೆ ಎರಡು ವರ್ಷಕ್ಕೊಮ್ಮೆ ಚುನಾವಣೆ ಆಗುತ್ತೆ ಅನ್ನೋದನ್ನ ಇದೇ ಪದಗಳಲ್ಲಿ ಹೇಳಿ ನೋಡಿ.

ಗೊತ್ತಿರೋ ಪದ ಅಂತ ಮೋಸ ಹೋಗೋದು

ಇಂಗ್ಲಿಷ್ ಸ್ವಲ್ಪ ಬರೋರಿಗೇ ಇಲ್ಲಿ ಜಾಸ್ತಿ ಅಪಾಯ. ನಮ್ಮ ಪೇಪರುಗಳ ಇಂಗ್ಲಿಷಲ್ಲಿ ಬಿಲ್‌ನ ಟೇಬಲ್ ಮಾಡಿದ್ರು ಅಂದ್ರೆ ಮಂಡಿಸಿದ್ರು ಅಂತ, ಅಮೆರಿಕಾದಲ್ಲಿ ಅದೇ ಪದಕ್ಕೆ ಪಕ್ಕಕ್ಕಿಟ್ರು, ಸದ್ಯಕ್ಕೆ ಕೈಬಿಟ್ರು ಅಂತ ಅರ್ಥ. ಸೆಕ್ರೆಟರಿ ಅಂದ್ರೆ ಅಲ್ಲಿ ಮಂತ್ರಿ ದರ್ಜೆಯವರು, ಸೆಕ್ರೆಟರಿ ಆಫ್ ಸ್ಟೇಟ್ ನೋಡ್ಕೊಳ್ಳೋದು ರಾಜ್ಯಗಳನ್ನಲ್ಲ, ವಿದೇಶಾಂಗ ವ್ಯವಹಾರನ. ಪ್ರೆಸಿಡೆಂಟ್ ತಂಡಕ್ಕೆ ಗವರ್ನ್‌ಮೆಂಟ್ ಅನ್ನೋದಕ್ಕಿಂತ ಅಡ್ಮಿನಿಸ್ಟ್ರೇಷನ್ ಅಂತಾರೆ, ದಿ ಜಾನ್ಸನ್ ಅಡ್ಮಿನಿಸ್ಟ್ರೇಷನ್ ಅಂತ. ಗವರ್ನ್‌ಮೆಂಟ್ ಅಂದ್ರೆ ಮೂರೂ ಅಂಗ ಸೇರಿದ ಇಡೀ ವ್ಯವಸ್ಥೆ. ಇಂಪೀಚ್‌ಮೆಂಟ್ ಅಂದ್ರೆ ಕೆಲಸದಿಂದ ತೆಗೆದುಹಾಕೋದು ಅಂತ ತುಂಬಾ ಜನ ಅಂದ್ಕೊಂಡಿದ್ದಾರೆ, ಅದು ಹೌಸ್ ಹೊರಿಸೋ ಆರೋಪ ಅಷ್ಟೇ, ವಿಚಾರಣೆ ಸೆನೆಟ್‌ನಲ್ಲಿ. 1868ರಲ್ಲಿ ಆಂಡ್ರ್ಯೂ ಜಾನ್ಸನ್, 1998ರಲ್ಲಿ ಕ್ಲಿಂಟನ್, 2019 ಮತ್ತೆ 2021ರಲ್ಲಿ ಟ್ರಂಪ್ ಇಂಪೀಚ್ ಆದ್ರು, ಒಬ್ಬರನ್ನೂ ಸೆನೆಟ್ ತಪ್ಪಿತಸ್ಥ ಅಂತ ತೀರ್ಮಾನಿಸಲಿಲ್ಲ.

ಇಂಥವು ಸಿಕ್ಕಾಗೆಲ್ಲಾ ಹಾಳೆಯ ಹಿಂದೆ ಬರೆದಿಟ್ಕೊಳ್ಳಿ, ಒಂದೊಂದಕ್ಕೂ ಒಂದು ವಾಕ್ಯ ಸಮೇತ.

ನಾಲ್ಕನೇ ಹೆಜ್ಜೆ: ಬಾಯಿ ಪಳಗಿಸೋದು

ನಮ್ಮ ಲಿಪಿಯಲ್ಲಿ ಒಂದೇ ವ ಇದೆ, ಇಂಗ್ಲಿಷಲ್ಲಿ ಎರಡು. ವೋಟ್, ವೀಟೋ, ವೈಸ್ ಇವುಗಳಲ್ಲಿ ಮೇಲಿನ ಹಲ್ಲು ಕೆಳತುಟಿಗೆ ತಾಗ್ಬೇಕು. ವೈಟ್ ಹೌಸ್, ವಾಷಿಂಗ್ಟನ್ ಇವುಗಳಲ್ಲಿ ಹಲ್ಲು ತಾಗೋ ಹಾಗಿಲ್ಲ, ತುಟಿ ಗುಂಡಗಾಗ್ಬೇಕು. ಎರಡೂ ಇರೋ ಒಂದು ವಾಕ್ಯ ಕೊಡ್ತೀನಿ, "ದಿ ವೈಸ್ ಪ್ರೆಸಿಡೆಂಟ್ ವೋಟ್ಸ್ ವೆನ್ ದೇರ್ ಈಸ್ ಎ ಟೈ", ಸೆನೆಟ್‌ನಲ್ಲಿ ಸಮ ಸಮ ಬಂದಾಗ ಮಾತ್ರ ವೈಸ್ ಪ್ರೆಸಿಡೆಂಟ್‌ಗೆ ವೋಟ್ ಇರೋದು. ವೆನ್ ಹತ್ರ ಬಂದಾಗ ಹಲ್ಲು ಬಿಡಿ. ಕನ್ನಡಿ ಮುಂದೆ ನಿಂತು ಮಾಡಿದ್ರೆ ಬೇಗ ಗೊತ್ತಾಗುತ್ತೆ.

ಇನ್ನು ಒತ್ತು. ಕನ್ನಡದಲ್ಲಿ ಎಲ್ಲಾ ಅಕ್ಷರಕ್ಕೂ ಹೆಚ್ಚುಕಮ್ಮಿ ಒಂದೇ ತೂಕ, ಇಂಗ್ಲಿಷಲ್ಲಿ ಒಂದು ಕಡೆ ಗಟ್ಟಿ, ಉಳಿದದ್ದು ತೆಳು. ಮಜಾ ಏನಂದ್ರೆ ಒಂದೇ ಕುಟುಂಬದ ಪದಗಳಲ್ಲಿ ಒತ್ತು ಜಾಗ ಬದಲಾಯಿಸುತ್ತೆ. ಎಕ್ಸಿಕ್ಯೂಟ್‌ನಲ್ಲಿ ಮೊದಲ ತುಂಡಿಗೆ ಒತ್ತು, ಎಕ್ಸಿಕ್ಯೂಟಿವ್ ಆದಾಗ ಎರಡನೇದಕ್ಕೆ ಹೋಗಿ ಶುರುನೇ ಬದಲಾಗಿ ಇಗ್‌ಝೆಕ್ಯುಟಿವ್ ಅಂತ ಕೇಳುತ್ತೆ. ಪ್ರೆಸಿಡೆಂಟ್‌ಗೆ ಪ್ರೆ ಮೇಲೆ, ಪ್ರೆಸಿಡೆನ್ಶಿಯಲ್‌ಗೆ ಡೆನ್ ಮೇಲೆ. ಲೆಜಿಸ್ಲೇಚರ್‌ಗೆ ಲೆ ಮೇಲೆ, ಜುಡಿಶಿಯರಿಗೆ ಡಿ ಮೇಲೆ. ಡಿಕ್ಷನರಿ ಆಪ್‌ನಲ್ಲಿ ಸ್ಪೀಕರ್ ಗುರುತು ಒತ್ತಿ ಕೇಳಿ, ಒತ್ತು ಇರೋ ಕಡೆ ಮೇಜು ಕುಟ್ಟಿ. ಮತ್ತೆ ಅಮೆರಿಕನ್ನರು ಎರಡು ಸ್ವರದ ನಡುವಿನ ಟ ನ ಡ ಥರ ಮೆದುವಾಗಿ ಹೇಳ್ತಾರೆ, ಸೆನೆಟರ್ ಹೋಗಿ ಸೆನೆಡರ್, ವೀಟೋ ಹೋಗಿ ವೀಡೋ, ಕಮಿಟಿ ಹೋಗಿ ಕಮಿಡಿ. ಕೆಲವು ಹಿಯರಿಂಗ್ ನೋಡಿದ್ರೆ ಅದೇ ಸರಿಯಾದ ಉಚ್ಚಾರಣೆ ಅನ್ಸುತ್ತೆ ಬಿಡಿ. ನೀವು ಹಾಗೇ ಹೇಳ್ಬೇಕು ಅಂತಿಲ್ಲ, ಕೇಳಿದಾಗ ಗುರುತು ಸಿಕ್ಕಿದ್ರೆ ಸಾಕು.

ಬಾಯಿಪಾಠಕ್ಕೆ ಒಂದೇ ಒಂದು ಸಾಲು ಕೊಡಿ ಅಂದ್ರೆ ನಾನು ಕೊಡೋದು ಪ್ರೆಸಿಡೆಂಟ್ ತಗೊಳ್ಳೋ ಪ್ರಮಾಣವಚನ. ಸಂವಿಧಾನದ ಎರಡನೇ ಆರ್ಟಿಕಲ್‌ನಲ್ಲೇ ಇದೆ, ಇಂಗ್ಲಿಷಲ್ಲಿ ಒಟ್ಟು 35 ಪದ: "ಐ ಡೂ ಸಾಲಮ್ಲಿ ಸ್ವೇರ್ ದಟ್ ಐ ವಿಲ್ ಫೇತ್‌ಫುಲಿ ಎಕ್ಸಿಕ್ಯೂಟ್ ದಿ ಆಫೀಸ್ ಆಫ್ ಪ್ರೆಸಿಡೆಂಟ್ ಆಫ್ ದಿ ಯುನೈಟೆಡ್ ಸ್ಟೇಟ್ಸ್, ಅಂಡ್ ವಿಲ್ ಟು ದಿ ಬೆಸ್ಟ್ ಆಫ್ ಮೈ ಎಬಿಲಿಟಿ, ಪ್ರಿಸರ್ವ್, ಪ್ರೊಟೆಕ್ಟ್ ಅಂಡ್ ಡಿಫೆಂಡ್ ದಿ ಕಾನ್‌ಸ್ಟಿಟ್ಯೂಷನ್ ಆಫ್ ದಿ ಯುನೈಟೆಡ್ ಸ್ಟೇಟ್ಸ್." ಉಸಿರು ಎಲ್ಲಿ ತಗೋಬೇಕು, ಎಲ್ಲಿ ಒತ್ತಬೇಕು ಅನ್ನೋದಕ್ಕೆ ಇದರಷ್ಟು ಒಳ್ಳೆ ಸಾಲಿಲ್ಲ, ಯಾವ ಪ್ರೆಸಿಡೆಂಟ್‌ದು ಬೇಕಾದ್ರೂ ವಿಡಿಯೋ ಹಾಕ್ಕೊಂಡು ಜೊತೆಗೇ ಹೇಳ್ಬಹುದು. ಫೇತ್‌ಫುಲಿ ಅನ್ನೋ ಪದ ಎಲ್ಲಿ ಬರಬೇಕು ಅಂತ ಗೊಂದಲ ಆದ್ರೆ ಬೇಜಾರು ಮಾಡ್ಕೋಬೇಡಿ, 2009ರ ಜನವರಿ 20ಕ್ಕೆ ಒಬಾಮಾಗೆ ಪ್ರಮಾಣ ಬೋಧಿಸೋವಾಗ ಚೀಫ್ ಜಸ್ಟಿಸ್ ರಾಬರ್ಟ್ಸ್ ಅವರಿಗೇ ಅದೇ ಪದ ಜಾಗ ತಪ್ಪಿತ್ತು, ಮಾರನೇ ದಿನ ವೈಟ್ ಹೌಸಲ್ಲಿ ಇನ್ನೊಂದು ಸಲ ಮಾಡಿದ್ರು.

ಐದನೇ ಹೆಜ್ಜೆ: ಕೇಳೋದು

ಟಿವಿ ಡಿಬೇಟ್ ಬೇಡ. ನಾಲ್ಕು ಜನ ಒಟ್ಟಿಗೆ ಕಿರುಚೋದ್ರಲ್ಲಿ ಇಂಗ್ಲಿಷ್ ಕಲಿಯೋಕೆ ಏನೂ ಇಲ್ಲ, ಬಿಪಿ ಮಾತ್ರ ಬರುತ್ತೆ. ಶುರು ಮಾಡ್ಬೇಕಾದ್ದು ಹೌಸ್ ಮತ್ತೆ ಸೆನೆಟ್ ಕಲಾಪದಿಂದ. ಸಿ-ಸ್ಪ್ಯಾನ್ ಅನ್ನೋ ಚಾನೆಲ್ 1979ರಿಂದ ಹೌಸ್ ಕಲಾಪ ತೋರಿಸ್ತಾ ಇದೆ, ಸೆನೆಟ್ 1986ರಿಂದ. ಮಧ್ಯ ಯಾರೂ ಕಾಮೆಂಟರಿ ಕೊಡಲ್ಲ, ಒಬ್ಬರೇ ನಿಂತು ಮಾತಾಡ್ತಾರೆ, ಮತ್ತೆ ಹೇಳಿದ್ದೇ ಹೇಳ್ತಾರೆ, ಕಲಿಯೋರಿಗೆ ಅದೇ ಬೇಕಾಗಿರೋದು. "ದಿ ಜಂಟಲ್‌ಮನ್ ಫ್ರಮ್ ಟೆಕ್ಸಾಸ್ ಈಸ್ ರೆಕಗ್ನೈಸ್ಡ್", "ಐ ರಿಸರ್ವ್ ದಿ ಬ್ಯಾಲೆನ್ಸ್ ಆಫ್ ಮೈ ಟೈಮ್", "ಐ ಯೀಲ್ಡ್ ಬ್ಯಾಕ್" ಇಂಥ ಸಾಲುಗಳು ಗಂಟೆಗೆ ಹತ್ತಾರು ಸಲ ಬರ್ತವೆ, ಎರಡು ದಿನ ಕೇಳಿದ್ರೆ ಮೂರನೇ ದಿನ ನಿಮ್ಮ ಬಾಯಲ್ಲೇ ಬರುತ್ತೆ. 2025ರಲ್ಲಿ ಸೆನೆಟರ್ ಕೋರಿ ಬೂಕರ್ 25 ಗಂಟೆ ದಾಟಿ ನಿಂತೇ ಮಾತಾಡಿದ ಭಾಷಣನೂ ಸಿಗುತ್ತೆ, ಅಷ್ಟೂ ಕೇಳಿ ಅಂತ ನಾನಂತೂ ಹೇಳಲ್ಲ.

ಅದಕ್ಕಿಂತ ಮೇಲಿನ ಮೆಟ್ಟಿಲು ಸುಪ್ರೀಂ ಕೋರ್ಟ್ ವಾದ. ಒಳಗೆ ಕ್ಯಾಮೆರಾ ಬಿಡಲ್ಲ, ಆದ್ರೆ 2020ರ ಮೇ ತಿಂಗಳಿಂದ ವಾದದ ಆಡಿಯೋ ಲೈವ್ ಬರ್ತಾ ಇದೆ, ಕೋರ್ಟಿನ ವೆಬ್‌ಸೈಟಲ್ಲಿ ಆಡಿಯೋ, ಟ್ರಾನ್ಸ್‌ಕ್ರಿಪ್ಟ್ ಎರಡೂ ಹಾಕ್ತಾರೆ. ಹೊಸ ಟರ್ಮ್ ಅಕ್ಟೋಬರ್ ತಿಂಗಳ ಮೊದಲ ಸೋಮವಾರ ಶುರು. ವಕೀಲರು "ಮಿಸ್ಟರ್ ಚೀಫ್ ಜಸ್ಟಿಸ್, ಅಂಡ್ ಮೇ ಇಟ್ ಪ್ಲೀಸ್ ದಿ ಕೋರ್ಟ್" ಅಂತ ಶುರು ಮಾಡಿ ಒಂದೆರಡು ನಿಮಿಷದಲ್ಲಿ ತಮ್ಮ ವಾದದ ಸಾರ ಹೇಳ್ತಾರೆ. ಆ ಮೊದಲ ಎರಡು ನಿಮಿಷ ಮಾತ್ರ ತಗೊಳ್ಳಿ. ಮೊದಲು ಟ್ರಾನ್ಸ್‌ಕ್ರಿಪ್ಟ್ ಇಲ್ಲದೆ ಕೇಳಿ ಏನು ಸಿಕ್ತು ಅಂತ ಕನ್ನಡದಲ್ಲಿ ಒಂದು ಸಾಲು ಬರೀರಿ, ಆಮೇಲೆ ಟ್ರಾನ್ಸ್‌ಕ್ರಿಪ್ಟ್ ಓದ್ತಾ ಕೇಳಿ, ಕೊನೆಗೆ ಓದದೆ ಮತ್ತೆ ಕೇಳಿ. ಸರ್ಷಿಯೊರಾರಿ ಥರದ ಲ್ಯಾಟಿನ್ ಪದ ಬಂದ್ರೆ ಹಾರಿಸಿ ಮುಂದೆ ಹೋಗಿ, ಅಲ್ಲಿ ಹುಟ್ಟಿ ಬೆಳೆದ ಎಷ್ಟೋ ಜನಕ್ಕೇ ಅದರ ಅರ್ಥ ಗೊತ್ತಿಲ್ಲ.

ಜಡ್ಜ್‌ಗಳು ಒಬ್ಬರನ್ನೊಬ್ಬರು ಒಪ್ಪದಿರೋ ರೀತಿನ ವಿಶೇಷವಾಗಿ ಗಮನಿಸಿ. ತೀರ್ಪು ಒಪ್ಪದವರು "ಐ ರಿಸ್ಪೆಕ್ಟ್‌ಫುಲಿ ಡಿಸೆಂಟ್" ಅಂತಾರೆ, ತೀರ್ಪು ಒಪ್ಪಿ ಕಾರಣ ಒಪ್ಪದವರು ಬೇರೆ ಕಾರಣ ಬರೀತಾರೆ, ಅದು ಕನ್‌ಕರೆನ್ಸ್. ಆಫೀಸ್ ಮೀಟಿಂಗಲ್ಲಿ "ನೋ, ಯು ಆರ್ ರಾಂಗ್" ಅನ್ನೋದು ಬಿಟ್ಟು ಬೇರೆ ಮಾತು ಬರದೆ ಒದ್ದಾಡೋರಿಗೆ "ಐ ಅಗ್ರೀ ವಿತ್ ದಿ ರಿಸಲ್ಟ್, ಬಟ್ ಫಾರ್ ಎ ಡಿಫರೆಂಟ್ ರೀಸನ್" ಅನ್ನೋ ಒಂದು ಸಾಲೇ ಎಷ್ಟು ಕೆಲಸಕ್ಕೆ ಬರುತ್ತೆ ನೋಡಿ.

ಸಂವಿಧಾನನ ನೇರವಾಗಿ ಓದೋ ಆಸೆ ಇದ್ರೆ ಒಂದು ಮಾತು: ಅದು ಹಳೇ ಇಂಗ್ಲಿಷ್, ಅಲ್ಲಿ ಬರೋ ಶಲ್ ಭವಿಷ್ಯಕಾಲ ಅಲ್ಲ, ಆಗಲೇಬೇಕು ಅನ್ನೋ ಆಜ್ಞೆ. ದಿನಕ್ಕೊಂದು ಸಾಲು ಓದಿ ಅದನ್ನ ಮಸ್ಟ್ ಹಾಕಿ ಈಗಿನ ಇಂಗ್ಲಿಷಲ್ಲಿ ತಿರುಗಿಸಿ ಬರೀರಿ. ಮಾತಾಡೋಕೆ ಅದನ್ನ ಮಾದರಿ ಮಾಡ್ಕೋಬೇಡಿ, ಹಾಗೆ ಮಾತಾಡಿದ್ರೆ ನಾಟಕದ ಡೈಲಾಗ್ ಥರ ಇರುತ್ತೆ.

ಸಿಟಿಜನ್‌ಶಿಪ್ ಇಂಟರ್‌ವ್ಯೂಗೆ ಹೋಗೋರಿಗೆ

ಮಕ್ಕಳ ಜೊತೆ ಅಮೆರಿಕಾದಲ್ಲಿದ್ದು ಸಿಟಿಜನ್‌ಶಿಪ್‌ಗೆ ಅರ್ಜಿ ಹಾಕಿರೋ ಅಪ್ಪ ಅಮ್ಮಂದಿರಿಗೆ ಇದೆಲ್ಲಾ ನೇರ ಉಪಯೋಗಕ್ಕೆ ಬರುತ್ತೆ. 2025ರ ಅಕ್ಟೋಬರ್ 20 ಅಥವಾ ಆಮೇಲೆ ಅರ್ಜಿ ಹಾಕಿದವರಿಗೆ ಸಿವಿಕ್ಸ್ (ಅಮೆರಿಕಾದ ಸರ್ಕಾರ, ಇತಿಹಾಸದ ಬಗ್ಗೆ) ಪರೀಕ್ಷೆ 128 ಪ್ರಶ್ನೆಗಳ ಪಟ್ಟಿಯಿಂದ, ಅದರಲ್ಲಿ 20 ಕೇಳ್ತಾರೆ, 12 ಸರಿ ಇರಬೇಕು. ಅದಕ್ಕೂ ಮುಂಚೆ ಹಾಕಿದವರಿಗೆ ಹಳೇದು, 100ರ ಪಟ್ಟಿ, 10ರಲ್ಲಿ 6. ಪ್ರಶ್ನೆ ಉತ್ತರ ಎಲ್ಲಾ ಸಿಟಿಜನ್‌ಶಿಪ್ ಅರ್ಜಿ ನೋಡ್ಕೊಳ್ಳೋ ಸರ್ಕಾರಿ ಸಂಸ್ಥೆ ಯುಎಸ್‌ಸಿಐಎಸ್ ವೆಬ್‌ಸೈಟಲ್ಲೇ ಇದೆ, ದುಡ್ಡು ಕೊಟ್ಟು ಯಾವ ಕೋರ್ಸೂ ತಗೋಬೇಡಿ. ಪ್ರೆಸಿಡೆಂಟ್ ಯಾರು, ಸ್ಪೀಕರ್ ಯಾರು, ನಿಮ್ಮ ಸೆನೆಟರ್ ಯಾರು ಅನ್ನೋ ಥರದ ಪ್ರಶ್ನೆಗಳ ಉತ್ತರ ಬದಲಾಗ್ತಾ ಇರುತ್ತೆ, ಇಂಟರ್‌ವ್ಯೂ ಹಿಂದಿನ ದಿನ ಇನ್ನೊಂದು ಸಲ ನೋಡ್ಕೊಂಡು ಹೋಗಿ.

ಇಂಗ್ಲಿಷ್ ಪರೀಕ್ಷೆ ಬೇರೆ ಇರುತ್ತೆ: ಮೂರು ವಾಕ್ಯದಲ್ಲಿ ಒಂದನ್ನ ಸರಿಯಾಗಿ ಓದಬೇಕು, ಆಫೀಸರ್ ಹೇಳಿದ ಮೂರು ವಾಕ್ಯದಲ್ಲಿ ಒಂದನ್ನ ಸರಿಯಾಗಿ ಬರೀಬೇಕು. ಅದಕ್ಕೆ ಬೇಕಾದ ಪದಗಳ ಪಟ್ಟಿನೂ ಅದೇ ಸೈಟಲ್ಲಿದೆ, ಬರೆಯೋದಕ್ಕೆ ಮನೆಯಲ್ಲಿ ಯಾರಾದ್ರೂ ಉಕ್ತಲೇಖನ ಕೊಟ್ಟರೆ ಸಾಕು. ವಯಸ್ಸಾದವರಿಗೆ ವಿನಾಯಿತಿ ಇದೆ, ಗ್ರೀನ್ ಕಾರ್ಡ್ ಇಟ್ಕೊಂಡು 20 ವರ್ಷ ಅಲ್ಲಿದ್ದು 50 ದಾಟಿದ್ರೆ ಅಥವಾ 15 ವರ್ಷ ಇದ್ದು 55 ದಾಟಿದ್ರೆ ಇಂಗ್ಲಿಷ್ ಪರೀಕ್ಷೆ ಇಲ್ಲ, ಸಿವಿಕ್ಸ್ ಕೂಡ ಇಂಟರ್‌ಪ್ರಿಟರ್ ಇಟ್ಕೊಂಡು ಕನ್ನಡದಲ್ಲೇ ಕೊಡ್ಬಹುದು.

ಆದ್ರೆ ನಿಜವಾಗಿ ಕಷ್ಟ ಆಗೋದು ಈ ಪ್ರಶ್ನೆಗಳಲ್ಲಲ್ಲ, ಸಿಟಿಜನ್‌ಶಿಪ್‌ಗೆ ಹಾಕಿದ ಎನ್-400 ಅರ್ಜಿಯನ್ನ ಆಫೀಸರ್ ಒಂದೊಂದಾಗಿ ಕೇಳ್ತಾ ಹೋಗೋವಾಗ. ಅಲ್ಲಿ ಮುಕ್ಕಾಲುವಾಸಿ ಪ್ರಶ್ನೆ "ಹ್ಯಾವ್ ಯು ಎವರ್" ಅಂತಾನೇ ಶುರು ಆಗುತ್ತೆ, "ಹ್ಯಾವ್ ಯು ಎವರ್ ಕ್ಲೇಮ್ಡ್ ಟು ಬಿ ಎ ಯು.ಎಸ್. ಸಿಟಿಜನ್?" ಅನ್ನೋ ಥರ, ಅಂದ್ರೆ ಜೀವಮಾನದಲ್ಲಿ ಯಾವತ್ತಾದ್ರೂ ಮಾಡಿದ್ದೀರಾ ಅಂತ. ಅಭ್ಯಾಸ ಬಲದಿಂದ ಎಲ್ಲದಕ್ಕೂ ತಲೆಯಾಡಿಸಿ ಎಸ್ ಎಸ್ ಅಂದ್ಬಿಟ್ರೆ ಎಡವಟ್ಟು ಗ್ಯಾರಂಟಿ. ಫಾರ್ಮಿನ ಆ ಪುಟಗಳನ್ನ ಪ್ರಿಂಟ್ ಹಾಕ್ಕೊಂಡು ಮನೆಯಲ್ಲಿ ಒಬ್ಬರು ಆಫೀಸರ್ ಆಗಿ ಕೂತು ಪ್ರಶ್ನೆಗಳನ್ನ ಹಿಂದೆ ಮುಂದೆ ಮಾಡಿ ಕೇಳ್ಲಿ, ಉತ್ತರ ಬರೀ ನೋ ಅಲ್ಲ, "ನೋ, ಐ ಹ್ಯಾವ್ ನೆವರ್ ಡನ್ ದಟ್" ಅಂತ ಪೂರ್ತಿ ಬರಲಿ, ಮಧ್ಯೆ ಮಧ್ಯೆ "ವಾಟ್ ಡಸ್ ಓತ್ ಮೀನ್?" ಅಂತ ಪದದ ಅರ್ಥನೂ ಕೇಳ್ಲಿ. ಅರ್ಥ ಆಗದಿದ್ರೆ ಊಹೆ ಮಾಡಿ ಉತ್ತರ ಕೊಡೋ ಬದಲು "ಕುಡ್ ಯು ಪ್ಲೀಸ್ ರಿಪೀಟ್ ದಿ ಕ್ವೆಶ್ಚನ್?" ಅಂತ ಕೇಳೋಕೆ ಯಾವ ಸಂಕೋಚನೂ ಬೇಡ, ಹಾಗೆ ಕೇಳಿದ್ದಕ್ಕೆ ಯಾರೂ ಫೇಲ್ ಮಾಡಲ್ಲ.